ದೊರೆಯೆಂಬ ಸವತಿ

ಕೊಂಗ್ ಕಣಿವೆ
ಹಾವಿನ ವರ್ಷ, ಜವೆಗೋಧಿ ಕೊಯ್ಲು ಮುಗಿದ ಮೂರನೆಯ ದಿನ

ನಮ್ಮ ಯಜಮಾನರಿಗೆ ತೋಗ್‌ಮೋ ಮಾಡುವ ನಮಸ್ಕಾರ.

ಆರೋಗ್ಯವೇ? ಕುದುರೆಯಿಂದ ಬಿದ್ದು ಪೆಟ್ಟಾದ ಮೊಣಕಾಲು ಹೇಗಿದೆ? ಯಾರ್ಲುಂಗಿನ ದೊರೆಯ ಅರಮನೆಯಲ್ಲಿ ಬೆಣ್ಣೆ ತಿಕ್ಕುವವರು ಬೇಕಾದಷ್ಟು ಜನ ಇರುತ್ತಾರೆ, ನನಗೇಕೆ ಆ ಚಿಂತೆ! ಅತ್ತೆ ಚೆನ್ನಾಗಿದ್ದಾರೆ. ಕಪ್ಪು ಚಮರಿ ಕರು ಹಾಕಿದೆ. ನನಗೆ ಅಕ್ಷರ ಬಾರದು. ದೊರೆ ನಮ್ಮ ಕಣಿವೆಗೆ ಕಳಿಸಿರುವ ಕರಣಿಕನ ಕೈಯಲ್ಲಿ ಈ ಮರದ ಪಟ್ಟಿಯ ಮೇಲೆ ಬರೆಸುತ್ತಿದ್ದೇನೆ. ಬೈಗುಳ ಬಂದಲ್ಲೆಲ್ಲ ಅವನು ಲೇಖನಿ ನಿಲ್ಲಿಸುತ್ತಾನೆ. "ಬರಿಯಪ್ಪಾ, ಒಂದೂ ಬಿಡಬೇಡ" ಎಂದಿದ್ದೇನೆ.

ನಿಮ್ಮ ಸುದ್ದಿ ತಲುಪಿತು. ದೊರೆಯ ಆರು ಮಂದಿ ಆಪ್ತರಲ್ಲಿ ಇನ್ನು ನೀವೂ ಒಬ್ಬರಂತೆ. ಬರುವ ಹುಣ್ಣಿಮೆಗೆ ಬಿಳಿ ಕಲ್ಲು ತುಳಿದು ಪ್ರಮಾಣ ಮಾಡುತ್ತೀರಂತೆ: ದೊರೆಯ ತಟ್ಟೆಯಲ್ಲೇ ಉಣ್ಣುವುದು, ದೊರೆ ಸತ್ತ ದಿನವೇ ಸತ್ತು ಅವನ ಸಮಾಧಿಯಲ್ಲೇ ಮಲಗುವುದು. ಊರೆಲ್ಲ ಹಿಗ್ಗಿತು. ಹೋದ ತಲೆಮಾರಿನವರೆಗೆ ಈ ಕಣಿವೆಗೊಬ್ಬ ಒಡೆಯ, ಆಚೆ ಕಣಿವೆಗೊಬ್ಬ. ಒಬ್ಬರ ಕುರಿ ಇನ್ನೊಬ್ಬರು ಕದಿಯುವುದೇ ರಾಜ್ಯಭಾರ. ಈಗ ಅವರನ್ನೆಲ್ಲ ನುಂಗಿ ನೀರು ಕುಡಿದ ದೊರೆಯ ಪಕ್ಕದಲ್ಲಿ ನಮ್ಮ ಹುಡುಗ ಎಂದು ನಿಮ್ಮಣ್ಣ ಮೀಸೆ ತಿರುವಿದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಹೌದು, ಹೊಟ್ಟೆಕಿಚ್ಚೇ, ಮುಚ್ಚಿಡುವುದೇನಿದೆ?

ದೊರೆ ನಿಮ್ಮನ್ನು "ನನ್ನ ಉಸಿರೇ" ಅನ್ನುತ್ತಾನಂತೆ. ಒಂಬತ್ತು ವರ್ಷದಲ್ಲಿ ನೀವು ನನ್ನನ್ನು ಏನೆಂದು ಕರೆದಿದ್ದೀರಿ? "ಏಯ್, ಬೆಣ್ಣೆ ಎಲ್ಲಿಟ್ಟೆ?" ಸವತಿ ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಕೇಳುತ್ತಿದ್ದೆ, ಈ ಸವತಿಗೆ ಸೈನ್ಯವಿದೆ. ಹೆಣ್ಣಾದರೆ ದಿನ ಬಿಟ್ಟು ದಿನವಾದರೂ ಗಂಡನನ್ನು ಕಳಿಸಿಕೊಟ್ಟಾಳು, ಇವನು ಸತ್ತ ಮೇಲೂ ಬಿಡುವುದಿಲ್ಲವಲ್ಲ! "ಸುಮ್ನಿರೇ, ದೊರೆ ಇನ್ನೂ ಹರೆಯದವ್ನು, ಅಷ್ಟು ಬೇಗ ಸಾಯಲ್ಲ" ಎಂದು ಅತ್ತೆ ಸಮಾಧಾನ ಹೇಳಿದರು. ಹರೆಯದ ದೊರೆಗಳಿಗೇ ವಿಷ ಹಾಕುವವರು ಹೆಚ್ಚು ಎಂದೆ. ಅವರು ಎದ್ದು ಕರು ನೋಡಲು ಹೋದರು.

ಅತ್ತೆಯ ಆಶೀರ್ವಾದ ಇದೆ. ಮೊಣಕಾಲಿಗೆ ತಣ್ಣೀರು ಸೋಕಿಸಬೇಡಿ.

ಹುಣ್ಣಿಮೆಯವರೆಗಂತೂ ನಿಮ್ಮವಳೇ ಆದ,
ತೋಗ್‌ಮೋ

ಮರೆತ ಮಾತು: ಓಲೆಕಾರನ ಕುದುರೆಗೆ ಜೀನು ಹಾಕಿಯಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನೆ ನಾನೂ ನಮ್ಮೂರ ಕಲ್ಲು ತುಳಿದೆ. ಹಿರಿಯರ ಎದುರು, ಕುರಿಯ ರಕ್ತ ಮುಟ್ಟಿ, ನೀವು ಸತ್ತ ದಿನವೇ ಸಾಯುತ್ತೇನೆಂದು ಪ್ರಮಾಣ ಮಾಡಿದೆ. ಅತ್ತೆ ಎದೆ ಬಡಿದುಕೊಂಡು ಅತ್ತರು. ಕಲ್ಲಿನ ಮೇಲೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಾಗದು, ನಿಮಗೇ ಗೊತ್ತು. ನಿಮ್ಮ ಪ್ರಮಾಣ ಇನ್ನೂ ಆಗಿಲ್ಲ. ಕಲ್ಲು ತುಳಿಯಲೇಬೇಕೆಂದಿದ್ದರೆ ದೊರೆಗೆ ಮೊದಲೇ ಹೇಳಿಬಿಡಿ, ಆ ಸಮಾಧಿಯಲ್ಲಿ ಇನ್ನೊಬ್ಬಳಿಗೂ ಜಾಗ ಬೇಕು. ನಿಮ್ಮ ಪಕ್ಕ ಮಲಗುವವಳು ನಾನು, ಅವನಲ್ಲ.