ಪೆನ್ನು ಒಳಗಿಟ್ಟ ಮೇಲೆ

14 ಜೂನ್ 1978, ಬುಧವಾರ. ತೀರ್ಥಹಳ್ಳಿ

ಇದನ್ನು ಈ ಡೈರಿಯಲ್ಲೂ ಬರೆಯದೆ ಬಿಡುವವಳಿದ್ದೆ. ಇಂಗ್ಲಿಷ್ ಎಂ.ಎ. ಜೊತೆ ಭಾಷಾವಿಜ್ಞಾನವನ್ನೂ ಓದಬೇಕಾದರೆ ಊರಿನ ಮಾತನ್ನು ಹತ್ತು ಪುಟ ಬರೆದು ಅರ್ಜಿಯ ಜೊತೆ ಕಳಿಸಬೇಕು. ನಾನು ಬರೆದಿಟ್ಟಿದ್ದ ಹತ್ತೂ ಪುಟ ಸುಳ್ಳು. ಎಳೆ ಬಿದಿರಿನ ಕಳಲೆ ಮಾರುವ ಕನ್ನಮ್ಮ, ನನ್ನ ಕೈಯಲ್ಲಿ ಪೆನ್ನು ಕಂಡು, ಊರಿನ ಮಾತು ಬಿಟ್ಟು ರೇಡಿಯೋದವರ ಹಾಗೆ ಮಾತಾಡಿದ್ದಳು.

ಇವತ್ತು ಪೆನ್ನು ಒಳಗಿಟ್ಟು ಅವಳ ಪಕ್ಕ ಕಳಲೆ ಸುಲಿಯಲು ಕೂತೆ.

"ಅಯ್ಯೋ, ಹಂಗಲ್ರಮ್ಮ! ಇಷ್ಟೆಲ್ಲ ಓದ್ಕಂಡು ಕಳಲೆ ಸುಲಿಯಕ್ಕೆ ಬರಲ್ವಾ?"

ಆಮೇಲೆ ಒಂದು ಗಂಟೆ ಮಾತು ನಿಲ್ಲಲೇ ಇಲ್ಲ. ಮಗಳ ಬಾಣಂತನ, ಸೊಸೆಯ ಸಿಟ್ಟು, ಎಲ್ಲ ಬಂತು.

"ಆವತ್ತು ಯಾಕೆ ಹೀಗೆ ಮಾತಾಡಲಿಲ್ಲ, ಕನ್ನಮ್ಮ?"

"ಆವತ್ತು ನೀವು ಸೆನ್ಸಸ್ಸಿನೋರ ಥರ ಕೂತಿದ್ರಿ."

"ಇದನ್ನ ಬರ್ಕೊಳ್ಳಲಾ?"

"ಬರ್ಕಳಿ. ಸೊಸೆ ಹೆಸ್ರು ಮಾತ್ರ ಬ್ಯಾಡ."

ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಎದುರು ಬಂದರೆ ನಾನೂ ಹೀಗೇ ಮಾತು ಬದಲಿಸುತ್ತಿದ್ದೆ. ಅದು ನಲವತ್ಮೂರನೇ ವಯಸ್ಸಿಗೆ ಹೊಳೆಯಬೇಕೇ? ಆದರೂ ಎಷ್ಟು ಖುಷಿಯಾಗಿದೆ! ಭಾಷಾವಿಜ್ಞಾನ ನನಗೆ ಬೇಕೇ ಬೇಕು.

ಹಳೆಯ ಪುಟಗಳನ್ನು ಹರಿದೆ. ಅವಳು ಹೋದ ಮೇಲೆ ನೆನಪಿನಿಂದ ಬರೆದದ್ದು ಮೂರೇ ಪುಟ. ಹತ್ತು ಕೇಳಿದವರು ಮೂರನ್ನು ಒಪ್ಪುತ್ತಾರೋ ಇಲ್ಲವೋ. ನಾಳೆಯೂ ಕೂರುತ್ತೇನೆ, ಎಷ್ಟಾದರೆ ಅಷ್ಟು. ಅರ್ಜಿ ಅಂಚೆಗೆ ಹಾಕುವುದು ಹದಿನೇಳು, ಶನಿವಾರ.