ಊಟದ ಗಂಟೆಯಾದ ನಮ್ಮ ಹಳಿಯ ತುಂಡು

ದಾಸ್ತಾನು ವಿಭಾಗದ ಮೇಲಧಿಕಾರಿಗಳಿಗೆ,

ಮಾನ್ಯರೇ, ಜವಾನರನ್ನು ಕಳಿಸಿ ನಮ್ಮ ಬಾಗಿಲಿನಿಂದ ಬಿಚ್ಚಿಸಿಕೊಂಡು ಹೋದ ರೈಲು ಹಳಿಯ ತುಂಡನ್ನು ವಾಪಸು ಕೊಡಿ. ಪೀಠಿಕೆ ಹಾಕಲು ನನಗೆ ಪುರುಸೊತ್ತಿಲ್ಲ. ಇಲ್ಲಿ ಪೀಠಿಕೆ ಮುಗಿಯುವಷ್ಟರಲ್ಲಿ ಹವೆ ಬದಲಾಗಿರುತ್ತದೆ.

ರಸ್ತೆ ಮುಗಿದ ಮೇಲೂ ಅರ್ಧ ದಿನ ನಡೆದರೆ ಸಿಗುವ ಹವಾಮಾನ ಠಾಣೆ ನಮ್ಮದು. ನನ್ನ ಗಂಡ ದಿಣ್ಣೆಯ ಮೇಲಿನ ಮಾಪಕಗಳನ್ನು ನೋಡಿ ಬರುತ್ತಾರೆ. ನಾನು ಆ ಅಂಕಿಗಳನ್ನು ವೈರ್‌ಲೆಸ್ಸಿನಲ್ಲಿ ಕೆಳಗೆ ತಿಳಿಸುತ್ತೇನೆ. ಅತ್ತೆ ಅಡುಗೆ ಮಾಡುತ್ತಾರೆ, ಹಳಿ ಬಡಿಯುತ್ತಾರೆ. ಅದಕ್ಕೆ ಸಂಬಳವಿಲ್ಲ, ಹುದ್ದೆಯಿಲ್ಲ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಅದು ಕೆಲಸವೂ ಅಲ್ಲ. ಒಣಹಾಕಿದ ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಇಲ್ಲಿ ಮಂಜು ಇಳಿದು, ಚಾಚಿದ ಕೈಯೇ ಕಾಣದಂತಾಗುತ್ತದೆ. ಆಗ ಒಳಗಿದ್ದವರು ಹಳಿ ಬಡಿಯಬೇಕು, ಹೊರಗಿದ್ದವರು ಆ ಸದ್ದು ಹಿಡಿದು ಬರಬೇಕು. ಕೊನೆಯವರು ಹೊಸಿಲು ದಾಟುವವರೆಗೆ ನಿಲ್ಲಿಸುವಂತಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಸರಿ.

ಇದೆಲ್ಲ ನಿಮಗೆ ಗೊತ್ತಿಲ್ಲವೆಂದು ಹೇಗೆ ಹೇಳಲಿ? ನೀವು ತಪಾಸಣೆಗೆ ಬಂದ ದಿನ ಬಿಸಿಲಿತ್ತು. "ಸ್ವರ್ಗದ ಹಾಗಿದೆಯಲ್ಲಮ್ಮ! ನಿಮಗೇನು ಕಷ್ಟ ಇಲ್ಲಿ?" ಎಂದಿರಿ. ಹಾಗೆಂದವರು ಮನೆಯ ಹಿಂದಿನ ಶೌಚಾಲಯಕ್ಕೆ ಹೋದಿರಿ. ಬೆನ್ನಿಗೇ ಮಂಜು ಇಳಿಯಿತು. ಕೂಗುವುದು ಹುದ್ದೆಗೆ ತಕ್ಕುದಲ್ಲವೆಂದೋ ಏನೋ, ಮೊದಲು ಬರೀ ಕೆಮ್ಮಿದಿರಿ. ಆಮೇಲೆ "ಯಾರಾದ್ರೂ ಇದೀರೇನ್ರೀ?" ಎಂದಿರಿ. ಕೊನೆಗೆ "ಅಮ್ಮಾ!" ಎಂದು ಬೊಬ್ಬೆ ಹಾಕಿದಿರಿ.

"ಅಯ್ಯೋ, ಸಾಹೇಬ್ರು ಕಮರಿ ಕಡೆ ಹೋಗ್ತಿದಾರೆ ಕಣೇ, ಸುತ್ತಿಗೆ ಕೊಡು!" ಎಂದು ನಿಮ್ಮ ದನಿಯ ದಿಕ್ಕಿನಿಂದಲೇ ತಿಳಿದು ಅತ್ತೆ ಬಾಗಿಲಿಗೆ ಓಡಿದರು. ತೋಳು ಸೋಲುವವರೆಗೆ ಬಡಿದರು. ನೀವು ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದರಲ್ಲಿ ಗಾಳಿ ತಡವುತ್ತಾ ಬಂದು ಹೊಸಿಲ ಮೇಲೆ ಕುಸಿದಿರಿ. ಅತ್ತೆ ಕೊಟ್ಟ ಬಿಸಿ ಹಾಲು ಕುಡಿದಿರಿ. ಕೆಳಗಿಳಿದ ಮೇಲೆ ಆದೇಶ ಹೊರಡಿಸಿದಿರಿ: "ವಾಸದ ಮನೆಯ ಬಾಗಿಲಲ್ಲಿ ಅನವಶ್ಯಕ ಕಬ್ಬಿಣ ಕಂಡುಬಂದಿದ್ದು, ಕೂಡಲೇ ಉಗ್ರಾಣಕ್ಕೆ ಜಮಾ ಮಾಡತಕ್ಕದ್ದು." ಅನವಶ್ಯಕವೇ ಸ್ವಾಮಿ? ಯಾರಿಗೆ?

ಬದಲಿಗೆ ಮೊಬೈಲಿನಲ್ಲೇ ಮುನ್ಸೂಚನೆ ನೋಡಿಕೊಳ್ಳಿ ಎಂದಿರಿ. ಇಲ್ಲಿ ಸಿಗ್ನಲ್ ಸಿಗುವುದಿಲ್ಲ. ನಾವು ಕೊಟ್ಟ ಅಂಕಿಗಳಿಂದಲೇ ತಯಾರಾಗುವ ಮುನ್ಸೂಚನೆ ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ತಲುಪುತ್ತದೆ. ಅಚ್ಚುಕಟ್ಟಾದ ವ್ಯವಸ್ಥೆ!

ಕಳೆದ ತಿಂಗಳು ನನ್ನ ಗಂಡ ದಿಣ್ಣೆಯಲ್ಲಿದ್ದಾಗ ಮಂಜು ಇಳಿಯಿತು, ಜೊತೆಗೆ ಕೊರೆಯುವ ಗಾಳಿ. ಅತ್ತೆ ಅಡುಗೆಯ ದೊಡ್ಡ ಪಾತ್ರೆಯನ್ನು ತಳ ತೂತಾಗುವವರೆಗೆ ಬಡಿದರು. ಮರುದಿನ ಮಂಜು ಕರಗಿದಾಗ ನನ್ನ ಗಂಡ ಸಿಕ್ಕಿದ್ದು ಮನೆಗೆ ಕೂಗಳತೆಯ ಬಂಡೆಯ ಮರೆಯಲ್ಲಿ, ಮರಗಟ್ಟಿದ ಕಾಲಿನೊಂದಿಗೆ. ಎರಡು ಬೆರಳು ತೆಗೆಯಬೇಕಾಯಿತು. "ಟಪ್ ಟಪ್ ಅಂತ ಏನೋ ಕೇಳಿಸ್ತು. ಮಳೆ ಅಂದ್ಕೊಂಡೆ" ಎಂದರು. ಅಂದಿನಿಂದ ಅತ್ತೆ ಒಂದೇ ಮಾತು ಹಿಡಿದಿದ್ದಾರೆ: "ಇನ್ನೂ ಜೋರಾಗಿ ಬಡೀಬೇಕಿತ್ತೇನೋ ನಾನು." ಅವರನ್ನು ಹೇಗೆ ಸಮಾಧಾನ ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ನಿಮ್ಮ ಮೇಲಿನ ಸಿಟ್ಟಿಗಿಂತ ಆ ಸಂಕಟವೇ ಹೆಚ್ಚು.

ಸಿಟ್ಟು ಬಂದದ್ದು ಮೊನ್ನೆ, ರಸ್ತೆ ಮುಗಿಯುವಲ್ಲಿಯವರೆಗೆ ದಿನಸಿ ತಂದುಕೊಡುವ ಜೀಪಿನ ಡ್ರೈವರ್ ಹೇಳಿದ ಮೇಲೆ. "ಅಕ್ಕಾ, ನಿಮ್ ಹಳೀನ ಆಫೀಸಲ್ಲಿ ಊಟದ ಗಂಟೆ ಮಾಡ್ಕೊಂಡಿದಾರೆ. ಒಂದೇ ಏಟಿಗೆ ಎಲ್ರೂ ಎದ್ದು ಬಿಡ್ತಾರೆ!" ಸಂತೋಷ. ಆದರೆ ಹೇಳಿ, ನಿಮ್ಮ ಮೇಜಿನಿಂದ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಈವರೆಗೆ ಯಾರಾದರೂ ಕಳೆದುಹೋಗಿದ್ದಾರೆಯೇ?

ಚಳಿ ಇನ್ನೂ ಹೆಚ್ಚುವ ಮುಂಚೆ ಹಳಿ ನಮ್ಮ ಬಾಗಿಲಿಗೆ ಬರಬೇಕು. ಜವಾನರ ಕೈಯಲ್ಲಿ ಅಲ್ಲ, ನೀವೇ ಹೊತ್ತು ತರಬೇಕು. ದಾರಿಯಲ್ಲಿ ಮಂಜು ಇಳಿದರೆ ಗಾಬರಿಯಾಗಬೇಡಿ. ಕೆಮ್ಮುತ್ತಾ ಕೂರದೆ ನಿಂತಲ್ಲೇ ಹಳಿ ಬಡಿಯಿರಿ. ನನ್ನ ಗಂಡ ಕುಂಟುತ್ತಲೇ ಬಂದು ನಿಮ್ಮನ್ನು ಮನೆಗೆ ಕರೆತರುತ್ತಾರೆ.

ಇಂತಿ,
ತೂತುಪಾತ್ರೆ ಬಡಿಯುವ ಅತ್ತೆಯ ಸೊಸೆ,
ಗುಡ್ಡದ ಠಾಣೆಯ ವೈರ್‌ಲೆಸ್ಸಿನವಳು