ತಾಯಿ ಕಡೆಯಿಂದ

2025, ಜನವರಿ 20. ಬೆಳಗ್ಗೆ

ಹಾಲಿನ ಡೈರಿಯಲ್ಲಿ ಕೆಲಸ ಮುಗಿಸಿ ಈಗ ಬಂದೆ. ಚಳಿಗೆ ಹಾಲು ತರುವವರೆಲ್ಲ ತಡ, ಆಮೇಲೆ ಎಲ್ಲರೂ ಒಟ್ಟಿಗೇ. ಫ್ಯಾಟ್ ನೋಡುವ ಮೆಷಿನ್ ಮತ್ತೆ ಕೈಕೊಟ್ಟಿತು. ಕರಿಯಪ್ಪನವರು ತಮ್ಮ ಹಾಲಿಗೆ ನಾನೇ ನೀರು ಸುರಿದೆನೇನೋ ಅನ್ನುವ ಹಾಗೆ ನೋಡಿದರು.

ಮಗ ಲಿಖಿತ್‌ನ ಬಲ ಮೊಣಕಾಲು ಊದಿದೆ. ನಿನ್ನೆ ಹೊಸಿಲು ದಾಟುವಾಗ ಬಿದ್ದ, ಅಷ್ಟೇ. ಹೊಸದಾಗಿ ನಡೆಯಲು ಕಲಿತ ಮಗು, ಬೀಳದೆ ಇರುತ್ತದೆಯೇ. ಆದರೆ ಇಂದು ಕಾಲೂರುತ್ತಲೇ ಇಲ್ಲ. "ಉಳುಕಿರ್ಬೇಕು ಕಣವ್ವ, ಒಸಿ ಎಣ್ಣೆ ಕಾಯ್ಸಿ ತಿಕ್ಕಿವ್ನಿ" ಅಂದರು ಅತ್ತೆ. ತಿಕ್ಕಿದ ಮೇಲೆ ಇನ್ನೂ ಊದಿದಂತಿದೆ.

ಜನವರಿ 22

ಚನ್ನಪಟ್ಟಣದ ಮಕ್ಕಳ ಡಾಕ್ಟರ್ ಹತ್ತಿರ ಹೋಗಿದ್ದೆವು. ಬೆನ್ನ ಮೇಲಿನ ನೀಲಿ ಕಲೆ ನೋಡಿ, "ಮನೇಲಿ ಯಾರಾದ್ರೂ ಮಗೂಗೆ ಹೊಡೀತಾರಾ?" ಅಂತ ಕೇಳಿದರು. ನನ್ನ ಗಂಡ ಮನೋಹರ್ ಮುಖ ಕೆಂಪಾಯಿತು. ನನಗೆ ನೆಲ ಬಿರಿಯಬಾರದೆ ಅನ್ನಿಸಿತು.

ರಕ್ತ ತೆಗೆದರು. ಸೂಜಿ ಚುಚ್ಚಿದ ಜಾಗ ಒಣಗಲೇ ಇಲ್ಲ. ಹತ್ತಿ ಬದಲಾಯಿಸುತ್ತಲೇ ಇದ್ದರು. ಆಗ ಡಾಕ್ಟರ್ ದನಿ ಬದಲಾಯಿತು. ಹುಟ್ಟಿದಾಗ ತೊಂದರೆ ಆಗಿತ್ತಾ? ಆಗಿತ್ತು ಸರ್. ಹೆರಿಗೆಯಲ್ಲಿ ತಲೆಗೆ ವ್ಯಾಕ್ಯೂಮ್ ಹಾಕಿ ಎಳೆದಿದ್ದರು. ತಲೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟು, ಇಳಿಯಲು ವಾರಗಟ್ಟಲೆ ಹಿಡಿಯಿತು. ಎಲ್ಲ ಮಕ್ಕಳಿಗೂ ಆಗುತ್ತೆ ಅಂದಿದ್ದರು ಎಲ್ಲರೂ.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ತಡ ಮಾಡಬೇಡಿ ಅಂದರು.

ಜನವರಿ 30

ಹೀಮೋಫೀಲಿಯಾ. ಹೆಸರು ನಾಲಿಗೆಗೆ ಇನ್ನೂ ಹಿಡಿಯುತ್ತಿಲ್ಲ.

ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅವನ ಮೈಯಲ್ಲಿ ತಯಾರಾಗುವುದೇ ಇಲ್ಲವಂತೆ. ಊತ ಅಂದುಕೊಂಡಿದ್ದೆಲ್ಲ ಕೀಲಿನೊಳಗೆ ಸೋರಿದ ರಕ್ತ. ನಾವು ಅದಕ್ಕೆ ಎಣ್ಣೆ ಹಾಕಿ ತಿಕ್ಕಿದೆವು! ಕೊರತೆಯ ಅಂಶವನ್ನು ಇಂಜೆಕ್ಷನ್ ಮೂಲಕ ನರಕ್ಕೆ ಕೊಡುತ್ತಾ ಇರಬೇಕು. ಬದುಕಿರುವವರೆಗೂ.

ಬೆಂಗಳೂರಿನ ಡಾಕ್ಟರ್ ಮೇಡಂ ನಿಧಾನವಾಗಿ ಹೇಳಿದರು. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ತೂಗಿಸಿಕೊಂಡು ಹೋಗುತ್ತೆ, ಅವಳಿಗೆ ಗೊತ್ತೇ ಆಗಲ್ಲ. ಗಂಡಿಗೆ ಇರೋದು ಒಂದೇ ಎಕ್ಸ್, ಅದು ತಾಯಿ ಕೊಟ್ಟಿದ್ದು. ಕೆಟ್ಟಿದ್ದು ಬಂದರೆ ಅವನಿಗೆ ಬದಲಿ ಇಲ್ಲ. ತಂದೆಯಿಂದ ಮಗನಿಗೆ ಇದು ಬರೋದಿಲ್ಲ.

"ನಿಮ್ಮ ತಾಯಿ ಕಡೆ ಗಂಡುಮಕ್ಕಳು ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಹೋಗಿದಾರಾ?"

ಅಲ್ಲಿಂದಲೇ ಕುದೂರಿಗೆ, ಅವ್ವನಿಗೆ ಫೋನ್ ಮಾಡಿದೆ. "ಯಾರೂ ಇಲ್ಲ ಕಣವ್ವ. ನಮ್ ಕಡೆ ಅಂಥದ್ದೇನೂ ಇಲ್ಲ." ನಾನು ಹುಟ್ಟುವ ಮುಂಚೆ ಹೋದ ಅಣ್ಣ? "ಅವನು ಜ್ವರ ಬಂದು ಹೋದ, ನಿಂಗೊತ್ತಲ್ಲ." ಮೇಡಂಗೆ ಹಾಗೇ ಹೇಳಿದೆ. ಕೆಲವು ಮನೆಗಳಲ್ಲಿ ಹೊಸದಾಗಿಯೂ ಶುರುವಾಗುತ್ತೆ ಅಂದರು.

ಬಸ್ಸಿನಲ್ಲಿ ಮನೋಹರ್ ಬಿಡದಿ ದಾಟುವವರೆಗೂ ರಿಪೋರ್ಟನ್ನೇ ತಿರುವಿ ಹಾಕುತ್ತಿದ್ದ. ಆಮೇಲೆ, "ಹಂಗಾರೆ ಇದ್ರಲ್ಲಿ ನಂದೇನೂ ಇಲ್ಲ" ಅಂದ. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಗೊತ್ತು. ಆದರೂ ಕಿಟಕಿ ಕಡೆ ತಿರುಗಿಕೊಂಡೆ.

ಫೆಬ್ರವರಿ 9

ಮೊಣಕಾಲಿನ ಊತ ಇಳಿದಿದೆ, ಪಟ್ಟಿ ಮಾತ್ರ ಇನ್ನೂ ಕಟ್ಟಬೇಕು. ಗೋಡೆ ಹಿಡಿದು ನಡೆಯುತ್ತಾನೆ. ಮಂಚದ ಮೂಲೆಗೆಲ್ಲ ಹಳೆ ಸೀರೆ ಸುತ್ತಿದ್ದೇನೆ.

ಶ್ವೇತ ಬಂದಿದ್ದಳು, ಬೆಂಗಳೂರಿನಿಂದ. ನರ್ಸಿಂಗ್ ಓದಿದ ತಂಗಿ ಇರುವುದು ಈಗ ಎಷ್ಟು ಧೈರ್ಯ. ಐಸ್ ಹೇಗಿಡಬೇಕು, ಬಿದ್ದರೆ ಮೊದಲು ಏನು ಮಾಡಬೇಕು, ಎಲ್ಲ ಹೇಳಿಕೊಟ್ಟಳು. ಮಗುವನ್ನು ಎದೆಗಪ್ಪಿಕೊಂಡು ಬಹಳ ಅತ್ತಳು. "ಅಕ್ಕ, ನಿನ್ ತಪ್ಪಲ್ಲ ಇದು, ತಿಳ್ಕೋ." ನಾನೇ ಅವಳ ಕಣ್ಣೊರೆಸಿದೆ. ಮುಂದಿನ ತಿಂಗಳು ನಿಶ್ಚಿತಾರ್ಥ ಇಟ್ಟುಕೊಂಡು ಹೀಗೆ ಅಳಬಾರದು ಅಂದೆ. ಹುಡುಗ ಬಾಲರಾಜು, ಕನಕಪುರದವನು. ಫೋಟೋದಲ್ಲಿ ಒಳ್ಳೆಯವನ ಹಾಗೆ ಕಾಣುತ್ತಾನೆ.

ಫೆಬ್ರವರಿ 16. ಸಂಜೆ

ಈಗಲೇ ಬರೆದುಬಿಡಬೇಕು.

ಬೈರಾಪಟ್ಟಣದಿಂದ ಮುನಿಶಾಮಯ್ಯ ತಾತ ಬಂದಿದ್ದರು. ಅವ್ವನ ಚಿಕ್ಕಪ್ಪ. ಮಗುವಿಗೆ ಹುಷಾರಿಲ್ಲ ಅಂತ ಯಾರೋ ಹೇಳಿದರಂತೆ. ಅತ್ತೆ ಹುಲ್ಲಿಗೆ ಹೋಗಿದ್ದರು, ಮನೋಹರ್ ಫ್ಯಾಕ್ಟರಿಯಲ್ಲಿ. ಲಿಖಿತ್‌ನ ಮೊಣಕಾಲು ಮುಟ್ಟಿ ನೋಡಿ ತಾತ ತಲೆಯಾಡಿಸಿದರು.

"ನಿಮ್ಮಣ್ಣ ಚೆಲುವಂಗೂ ಹಿಂಗೇ ಊದ್ಕತ್ತಿತ್ತು ಕಣವ್ವ."

"ಅಣ್ಣ ಜ್ವರ ಬಂದು ಹೋದ್ನಂತಲ್ಲ ತಾತ?"

"ಜ್ವರವಾ? ಯಾರಂದೋರು? ಹಾಲಲ್ಲು ಬಿದ್ದಾಗ ರಕ್ತ ನಿಲ್ನೇ ಇಲ್ಲ. ನಾನೇ ಎತ್ಕೊಂಡು ಬೆಂಗ್ಳೂರ್ಗೆ ಹೋದೋನು. ನಿಮ್ಮವ್ವನೂ ಜೊತೇಲಿದ್ಲು. ಡಾಕ್ಟ್ರು ಎಲ್ಲ ಬುಡಿಸಿ ಹೇಳುದ್ರು. ಅದ್ಕೂ ಮುಂಚೆ ನಿಮ್ಮವ್ವನ ತಮ್ಮ ದೇವು. ಗಾಡಿಯಿಂದ ಬಿದ್ದ. ಮೇಲೆ ಗಾಯವೇ ಇರ್ನಿಲ್ಲ, ಹೊಟ್ಟೆ ಊದ್ಕೊಂಡು..."

ನನ್ನ ಮುಖ ನೋಡಿ ನಿಲ್ಲಿಸಿದರು.

"ನಿಂಗ್ ಹೇಳಿಲ್ವಾ ಅವ್ಳು?"

ಇಲ್ಲ ಅಂದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ಕಾಫಿ ಹಾಗೇ ಇತ್ತು.

ಫೆಬ್ರವರಿ 17

ಡೈರಿಗೆ ಹೋದೆ. ಬಂದೆ.

ಫೆಬ್ರವರಿ 18

ಕುದೂರಿಗೆ ಹೋಗಿದ್ದೆ. ರಾಮನಗರ, ಮಾಗಡಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಪ್ರಾರ್ಥಿಸಿದ್ದು ಒಂದೇ: ತಾತನಿಗೆ ವಯಸ್ಸಾಗಿದೆ, ನೆನಪು ಕಲಸಿರಲಿ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂತುಕೊಳ್ಳದೆ ಕೇಳಿದೆ. ಸುಳ್ಳು ಹೇಳಲಿಲ್ಲ. ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ಹೇಳಿದ್ರೆ ನಿನ್ನ ಯಾರ್ ಕಟ್ಕತಿದ್ರು?"

"ಡಾಕ್ಟ್ರು ಏನಂದಿದ್ರು ನಿಂಗೆ?"

"ಹೆಣ್ಮಕ್ಳಾದ್ರೆ ದೊಡ್ಡೋರಾದ್ಮೇಲೆ ಪರೀಕ್ಷೆ ಮಾಡ್ಸಿ ಅಂದಿದ್ರು. ನಿಮ್ಮಪ್ಪ ಇದ್ದಾಗ್ಲೇ ಮಾತಾಡಿದ್ವು. ಬ್ಯಾಡ ಅಂದ್ರು. ಊರೆಲ್ಲ ಗೊತ್ತಾಯ್ತದೆ ಅಂತ."

"ನಾನು ಬಸುರಿ ಆದಾಗ್ಲಾದ್ರೂ ಹೇಳ್ಬೋದಿತ್ತಲ್ಲವ್ವ. ವ್ಯಾಕ್ಯೂಮ್ ಹಾಕಿ ಮಗು ತಲೆ ಎಳೆದ್ರು. ಹೇಳಿದ್ರೆ ಅವ್ರು ಹಂಗೆ ಮಾಡ್ತಿರ್ಲಿಲ್ಲ. ಅವತ್ತೇ ಹೋಗ್ಬುಡ್ತಿದ್ದ ನನ್ ಮಗ!"

"ಹೆಣ್ಣಾಯ್ತದೆ ಅನ್ಕಂಡಿದ್ದೆ. ದೇವ್ರಿಗೆ ಹರಕೆ ಹೊತ್ತಿದ್ದೆ."

ಹರಕೆ ಹೊತ್ತಳಂತೆ. ನನಗೆ ಒಂದು ಮಾತು ಹೇಳಲಿಲ್ಲ, ದೇವರಿಗೆ ಎಲ್ಲ ಹೇಳಿದ್ದಾಳೆ.

ಶ್ವೇತಾಗೂ ಟೆಸ್ಟ್ ಆಗಬೇಕು, ಇಂದೇ ಅವಳಿಗೆ ಹೇಳುತ್ತೇನೆ ಅಂದೆ. ಅವ್ವ ಮೊದಲ ಸಲ ತಲೆ ಎತ್ತಿದಳು.

"ಅವಳಿಗೆ ಗೊತ್ತು. ಟೆಸ್ಟ್ ಮಾಡ್ಸವ್ಳೆ. ಅವಳಿಗಿಲ್ಲ ಅದು."

"ಯಾವಾಗ?"

"ನೀನು ಬಸುರಿಯಾಗಿದ್ದಾಗ."

ಇಲ್ಲಿಗೆ ಸಾಕು. ಬರೆಯಲಾರೆ.

ಫೆಬ್ರವರಿ 19

ಶ್ವೇತ ಫೋನ್ ಎತ್ತಿದಳು. ಅವ್ವ ಮೊದಲೇ ಹೇಳಿದ್ದಾಳೆ, ದನಿಯಲ್ಲೇ ಗೊತ್ತಾಯಿತು.

ಕಾಲೇಜಿನಲ್ಲಿ ಪಾಠ ಬಂದಾಗ ಅವಳಿಗೆ ಅನುಮಾನ ಬಂತಂತೆ. ಅವ್ವನನ್ನು ಹಿಡಿದು ಕೇಳಿದಳಂತೆ. ಬೆಂಗಳೂರಿನಲ್ಲೇ ಟೆಸ್ಟ್ ಮಾಡಿಸಿಕೊಂಡಳು. ಅವಳಿಗೆ ಅವ್ವನ ಒಳ್ಳೆಯ ಎಕ್ಸ್ ಬಂದಿದೆ. ನನಗೆ ಇನ್ನೊಂದು.

"ಫಿಫ್ಟಿ ಪರ್ಸೆಂಟ್ ಅಕ್ಕ. ನಿಂಗೂ ಇಲ್ದೆ ಇರ್ಬೋದು ಅನ್ಕೊಂಡೆ. ಅವ್ವ ಆಣೆ ಇಡ್ಸ್ಕೊಂಡ್ಲು. ಹೊಟ್ಟೇಲಿ ಮಗು ಇರೋವಾಗ ಅವಳ ಸಂಸಾರ ಹಾಳ್ಮಾಡ್ಬೇಡ ಅಂದ್ಲು."

"ಹೆರಿಗೆ ದಿನ ಆಸ್ಪತ್ರೇಲಿ ನೀನಿದ್ದೆ. ಮಗು ತಲೆ ಮೇಲಿನ ಗಂಟು ನೋಡ್ದೆ. ಆಗ?"



"ಆಗ ಗೊತ್ತಾಯ್ತು ಅಕ್ಕ."

ಅಂದರೆ ಅವನು ಹುಟ್ಟಿದ ದಿನದಿಂದ. ಲಸಿಕೆ ಹಾಕಿಸಿದಾಗ ತೊಡೆ ಗಡ್ಡೆ ಕಟ್ಟಿತ್ತು, ಫೋಟೋ ತೆಗೆದು ಅವಳಿಗೇ ಕಳಿಸಿದ್ದೆ. "ಬಟ್ಟೆ ಒದ್ದೆ ಮಾಡಿ ಇಡು, ಸರಿಹೋಗುತ್ತೆ" ಅಂತ ಉತ್ತರ. ಜೊತೆಗೆ ಒಂದು ಹಾರ್ಟ್.

ಬಾಣಂತನದಲ್ಲಿ ನನ್ನ ಕಾಲೊತ್ತಿದವಳು. ಮೊನ್ನೆ ನನ್ನ ಮುಂದೆ ಅತ್ತವಳು. ಅವಳ ಕಣ್ಣನ್ನು ನಾನೇ ಒರೆಸಿದೆ.

ಅವ್ವ ಹಳೆ ಕಾಲದವಳು, ಹೆದರಿದಳು ಅಂತ ಯಾವತ್ತಾದರೂ ಒಂದು ದಿನ ಅಂದುಕೊಂಡೇನು. ಇವಳು ಓದಿದವಳು. ಹೆಸರು, ಔಷಧಿ ಎರಡೂ ಗೊತ್ತಿದ್ದವಳು...

ಫೆಬ್ರವರಿ 21

ಮನೋಹರ್‌ಗೆ ಎಲ್ಲ ಹೇಳಿದೆ. ಮುಚ್ಚಿಟ್ಟರೆ ನಾನೂ ಅವರ ಗುಂಪಿಗೇ ಸೇರುತ್ತೇನೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಎದ್ದು ಅಂಗಳಕ್ಕೆ ಹೋದ. ಒಳಗೆ ಬಂದು ನನ್ನ ಪಕ್ಕ ಕೂತ.

"ನಿಮ್ಮವ್ವ ನಂಗೂ ಮೋಸ ಮಾಡವ್ರೆ. ಆದ್ರೆ ನಿಂಗೆ ಮಾಡ್ದಷ್ಟಲ್ಲ."

ಇಷ್ಟು ದಿನ ತಡೆದಿದ್ದ ಅಳುವೆಲ್ಲ ಆಗ ಬಂತು.

ಮಾರ್ಚ್ 3

ಅವ್ವನ ಫೋನ್. ಏನೂ ಆಗಿಲ್ಲದ ಹಾಗೆ ನಿಶ್ಚಿತಾರ್ಥಕ್ಕೆ ಸೀರೆ ಯಾವುದು ಉಡುತ್ತೀಯ ಅಂತ ಶುರು ಮಾಡಿದಳು. ಆಮೇಲೆ ಮೆಲ್ಲಗೆ:

"ಮಗೂನ ಅತ್ತೆ ಹತ್ರ ಬುಟ್ಬುಟ್ಟು ಬಾ. ಕಾಲ್ಗೆ ಪಟ್ಟಿ ಕಟ್ಟಿದ್ದು ನೋಡುದ್ರೆ ಹುಡ್ಗನ ಕಡೆಯೋರು ಅದೇನು ಇದೇನು ಅಂತಾರೆ."

ಫೋನ್ ಇಟ್ಟುಬಿಟ್ಟೆ.

ಮಾರ್ಚ್ 9. ಸಂಜೆ

ಕೆಂಗಲ್‌ನಲ್ಲಿ ನಿಶ್ಚಿತಾರ್ಥ. ಆಂಜನೇಯನ ದರ್ಶನ ಮಾಡಿಕೊಂಡು ಪಕ್ಕದ ಛತ್ರಕ್ಕೆ ಹೋದೆವು. ಲಿಖಿತ್‌ನನ್ನು ಎತ್ತಿಕೊಂಡೇ ಹೋದೆ. ಹೊಸ ಅಂಗಿ, ಮೊಣಕಾಲಿಗೆ ಪಟ್ಟಿ.

ನಮ್ಮನ್ನು ನೋಡಿ ಅವ್ವನ ಮುಖ ಕಪ್ಪಿಟ್ಟಿತು. ಶ್ವೇತ ನೆಲ ನೋಡಿದಳು.

ಹುಡುಗನ ತಾಯಿ ಮಗುವಿನ ಕೆನ್ನೆ ಸವರಿ, "ಕಾಲ್ಗೇನಾಯ್ತವ್ವ ಕಂದಂಗೆ?" ಅಂದರು. ನನಗಿಂತ ಮೊದಲು ಅವ್ವ: "ಆಡ್ತಾ ಬಿದ್ಬುಟ್ಟ."

ಏನನ್ನೂ ಹೇಳಬೇಕೆಂದು ಹೋಗಿರಲಿಲ್ಲ. ನಿಜವಾಗಿ. ಆದರೆ ಆ ಮಾತು ಅಷ್ಟು ಸಲೀಸಾಗಿ ಬಂತು ಅವಳ ಬಾಯಿಂದ. ಚೆಲುವನಿಗೆ ಜ್ವರ ಅಂದಿದ್ದಳಲ್ಲ, ಹಾಗೆಯೇ.

"ಬಿದ್ದಿದ್ದಕ್ಕಲ್ಲಮ್ಮ. ಇವನಿಗೆ ರಕ್ತ ಹೆಪ್ಪುಗಟ್ಟಲ್ಲ. ಹುಟ್ಟಿನಿಂದ ಬಂದಿದ್ದು, ನಮ್ಮವ್ವನ ಕಡೆಯಿಂದ. ನನ್ನಲ್ಲೈತೆ. ಶ್ವೇತಾಗಿಲ್ಲ, ಟೆಸ್ಟ್ ಮಾಡ್ಸಿದ್ದಾಳೆ. ಅವಳ ಮಕ್ಕಳಿಗೆ ಏನೂ ಬರಲ್ಲ."

ಶ್ವೇತಾಗಿಲ್ಲ ಅನ್ನುವುದನ್ನು ಎರಡು ಸಲ ಹೇಳಿದೆ. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಬಾಲರಾಜು ಮಾತ್ರ ಅವಳ ಕಡೆ ತಿರುಗಿದ.

"ನೀನು ಟೆಸ್ಟ್ ಮಾಡ್ಸಿದ್ದು ಯಾವಾಗ?"

"ಎರಡು ವರ್ಷ ಆಗ್ತಾ ಬಂತು."

"ಅಕ್ಕನಿಗೆ ಹೇಳಿರ್ಲಿಲ್ವಾ?"

ಶ್ವೇತ ಅವ್ವನ ಕಡೆ ನೋಡಿದಳು. ಹುಡುಗನ ಕಡೆಯವರು ಹೊರಗೆ ಹೋಗಿ ಮಾತಾಡಿಕೊಂಡು ಬಂದರು. ಉಂಗುರ ತಟ್ಟೆಯಲ್ಲೇ ಇತ್ತು. ತಾಯಿಯೇ ಹೇಳಿದರು: "ಕಾಯಿಲೆ ಇಲ್ಲ ಅಂದ್ರೆ ನಂಬ್ತೀವಿ ಕಣವ್ವ. ಆದ್ರೆ ಒಡಹುಟ್ಟಿದೋಳ್ಗೇ ಹೇಳ್ದೆ ಇರೋ ಹುಡ್ಗಿ... ಒಸಿ ದಿನ ಯೋಚ್ನೆ ಮಾಡ್ತೀವಿ."

ಅಡುಗೆ ಆಗಿತ್ತು. ಯಾರೂ ಕೂರಲಿಲ್ಲ.

ಅವ್ವ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದಳು. "ಸಮಾಧಾನ ಆಯ್ತಾ ನಿಂಗೆ?"

ಆಗಿಲ್ಲ. ಬರುವಾಗ ಬೈಕಿನ ಹಿಂದೆ ಕೂತು ಅದನ್ನೇ ಯೋಚಿಸಿದೆ. ನಿಜವನ್ನೇ ಹೇಳಿದೆ. ನೋಯಿಸಲೆಂದೂ ಹೇಳಿದೆನೇನೋ. ಗೊತ್ತಿಲ್ಲ.

ಏಪ್ರಿಲ್ 17

ಕನಕಪುರದವರು ಬೇಡ ಅಂದರಂತೆ. ಮನೋಹರ್ ಮೂಲಕ ತಿಳಿಯಿತು. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳು ಬಿಟ್ಟಳಂತೆ, ನಾನಲ್ಲ!

ಲಿಖಿತ್‌ಗೆ ಈಗ ಮೊಣಕೈ ಊದಿದೆ. ಇಂಜೆಕ್ಷನ್‌ಗೆ ನರ ಸಿಗುತ್ತಿಲ್ಲ. ಇಲ್ಲಿನ ಸಿಸ್ಟರ್ ಈ ಕೈ, ಆ ಕೈ, ಕಾಲು ಅಂತ ಚುಚ್ಚಿ ನೋಡಿದರು, ಪಾಪ ಅವರೂ ಬೆವರಿದರು. ಮಗುವನ್ನು ಅದುಮಿ ಹಿಡಿಯುವ ಕೆಲಸ ನನ್ನದು. ಬಿಳಿ ಕೋಟು ಕಂಡರೆ ಉಸಿರು ಕಟ್ಟಿ ಅಳುತ್ತಾನೆ. ಈಗ ನನ್ನನ್ನು ನೋಡಿಯೂ.

ಮೇ 11. ಮಧ್ಯಾಹ್ನ

ಬಾಗಿಲಲ್ಲಿ ಶ್ವೇತ.

"ಇಂಜೆಕ್ಷನ್ ಕೊಡ್ಲಿ ಅಂತ ನಾನೇ ಫೋನ್ ಮಾಡ್ದೆ" ಅಂದ ಮನೋಹರ್. ನನಗೊಂದು ಮಾತು ಹೇಳಬಾರದಿತ್ತಾ ಅಂದೆ. "ಹೇಳಿದ್ರೆ ಬ್ಯಾಡ ಅಂತಿದ್ದೆ." ಎಲ್ಲರದೂ ಇದೇ ಮಾತು. ಹೇಳಿದ್ರೆ... ಹೇಳಿದ್ರೆ...

ಇಳಿದು ಹೋಗಿದ್ದಾಳೆ. ಕುತ್ತಿಗೆ ಮೂಳೆ ಕಾಣುತ್ತದೆ. ಅಕ್ಕ ಅಂತ ಬಾಯಿ ತೆರೆದಳು. ಮೊದಲು ಕೈ ತೊಳೆದುಕೋ ಅಂದೆ.

ಮಗುವನ್ನು ಅದುಮಿ ಹಿಡಿಯಲು ಬಿಡಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡಳು. ಬಿಸಿನೀರಿನ ಬಟ್ಟೆ ಕೈಗೆ ಸುತ್ತಿ ಕೋಳಿಮರಿ ಕಥೆ ಶುರು ಮಾಡಿದಳು. ಕಥೆ ಮುಗಿಯುವ ಮೊದಲೇ ಸೂಜಿ ಒಳಗೆ. ಒಂದೇ ಸಲಕ್ಕೆ. ಅವನು ಆಮೇಲೆ ಏನಾಯ್ತು ಅನ್ನುವ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದ.

ಇಷ್ಟು ಚೆನ್ನಾಗಿ ಬರುತ್ತದೆ ಅವಳಿಗೆ. ಅದನ್ನು ನೋಡಿ ಸಿಟ್ಟು ಇನ್ನೂ ಹೆಚ್ಚಾಯಿತು.

ಊಟಕ್ಕೆ ಏಳು ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಬಸ್ ಸ್ಟಾಪಿನವರೆಗೆ ಲಿಖಿತ್‌ನನ್ನು ಎತ್ತಿಕೊಂಡು ಹೋದೆ, ಯಾಕೋ.

"ಮುಂದಿನ ಭಾನ್ವಾರನೂ ಬರ್ಲಾ ಅಕ್ಕ?"

ಬಾ ಅಂದೆ. ಕ್ಷಮಿಸಿದ್ದೇನೆ ಅಂತಲ್ಲ, ಅವನಿಗೋಸ್ಕರ ಅಷ್ಟೇ. ಇದನ್ನೂ ಹೇಳಬೇಕಿತ್ತು, ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಪಕ್ಕ ಕೂತು ಕೈ ಬೀಸಿದಳು. ಲಿಖಿತ್ ಬೀಸಿದ. ನನ್ನ ಕೈಯೂ ಅರ್ಧಕ್ಕೆ ಎದ್ದು ನಿಂತಿತು.